ಕ್ರಿಯಾಟಿನಿನ್ ಒಂದೇ ಇದ್ದರೂ ಕಿಡ್ನಿ ಒಂದೇ ಅಲ್ಲ

ಸಿಂಧನೂರಿನ ಅಣ್ಣಾವ್ರೇ, ತಮ್ಮನಿಗೆ ಕಿಡ್ನಿ ಕೊಡೋಕೆ 58ರ ಅಮ್ಮ, 36ರ ನೀವು ಇಬ್ಬರೂ ತಯಾರಿದ್ದೀರಿ, ಇಬ್ಬರಿಗೂ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕೋ ಕಸ) 0.9 ಬಂದಿದೆ, ಹಾಗಾದ್ರೆ ಯಾರು ಕೊಟ್ಟರೂ ಒಂದೇ ಅಲ್ವಾ ಅಂತ ಕೇಳಿದ್ದೀರಿ. ಒಂದೇ ಅಲ್ಲ. ಇದು ಭತ್ತ ಬೆಳೆಯೋರ ಗುಂಪಾದರೂ ಇಲ್ಲಿ ಕೇಳಿದ್ದು ಒಳ್ಳೇದಾಯ್ತು.

ಕ್ರಿಯಾಟಿನಿನ್ ಹುಟ್ಟೋದು ಮಾಂಸಖಂಡದಿಂದ. ವಯಸ್ಸಾದ, ತೆಳ್ಳಗಿನ ಹೆಂಗಸರಲ್ಲಿ ಅದು ಹುಟ್ಟೋದೇ ಕಡಿಮೆ, ಹಾಗಾಗಿ ಕಿಡ್ನಿ ಸ್ವಲ್ಪ ಸೊರಗಿದ್ದರೂ ರಿಪೋರ್ಟ್ ಚೆನ್ನಾಗೇ ಕಾಣುತ್ತೆ. ನೋಡಬೇಕಾದ್ದು ಜಿಎಫ್‌ಆರ್, ಅಂದರೆ ಎರಡೂ ಕಿಡ್ನಿ ಸೇರಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತವೆ ಅನ್ನೋದು. ಅದೇ 0.9ಕ್ಕೆ ವಯಸ್ಸು, ಗಂಡೋ ಹೆಣ್ಣೋ ಅನ್ನೋದನ್ನೂ ಸೇರಿಸಿ ಲೆಕ್ಕ ಹಾಕಿದರೆ ನಿಮಗೆ ಸುಮಾರು 113 ಬರುತ್ತೆ, ಅಮ್ಮನಿಗೆ ಸುಮಾರು 74. ಸಾಮಾನ್ಯವಾಗಿ 90ರ ಮೇಲಿದ್ದರೆ ಒಪ್ತಾರೆ, 60ಕ್ಕಿಂತ ಕೆಳಗಿದ್ದರೆ ಬೇಡ ಅಂತಾರೆ. ನಡುವಿನವರಿಗೆ ಬಿಪಿ, ಶುಗರ್, ಮೂತ್ರದಲ್ಲಿ ಸೋರೋ ಆಲ್ಬುಮಿನ್ ಅನ್ನೋ ಪ್ರೋಟೀನ್, ವಯಸ್ಸು ಎಲ್ಲಾ ತೂಗಿ ನೋಡ್ತಾರೆ.

ತಮ್ಮನಿಗೆ ಸಿಗೋದು ಒಂದೇ ಕಿಡ್ನಿ. ಕೊಡೋವ್ರ ಜಿಎಫ್‌ಆರ್ ಚೆನ್ನಾಗಿದ್ದಷ್ಟೂ ಅವನದೂ ಮೇಲಿರುತ್ತೆ, ಬಾಳಿಕೆಯೂ ಸಾಮಾನ್ಯವಾಗಿ ಜಾಸ್ತಿ. ಮೈಕಟ್ಟೂ ಲೆಕ್ಕಕ್ಕೆ ಬರುತ್ತೆ, ಸಣ್ಣ ಆಳಿನ ಕಿಡ್ನಿ ದಪ್ಪ ಆಳಿಗೆ ಹೋದರೆ ಅದಕ್ಕೆ ಹೊರೆ. ಹಾಗಂತ ವಯಸ್ಸಾದವರ ಕಿಡ್ನಿ ಸುಮ್ನೆ ದಂಡ ಅಂತ ನೆಂಟರು ಹೇಳೋದನ್ನ ನಂಬಬೇಡಿ. ಡಾಕ್ಟರು ಒಪ್ಪಿದರೆ ಅಮ್ಮನದೂ ಡಯಾಲಿಸಿಸ್‌ಗಿಂತ ಎಷ್ಟೋ ವಾಸಿ.

ಮುಂದೆ ಡಿಟಿಪಿಎ ಸ್ಕ್ಯಾನ್ ಮಾಡಿಸ್ತಾರೆ. ಎಡ, ಬಲ ಎಷ್ಟೆಷ್ಟು ಕೆಲಸ ಮಾಡ್ತಿವೆ ಅಂತ ಅದರಲ್ಲಿ ಬೇರೆ ಬೇರೆ ಬರುತ್ತೆ. ವ್ಯತ್ಯಾಸ ಎದ್ದು ಕಂಡರೆ ಒಳ್ಳೇದನ್ನ ಕೊಡೋವ್ರಿಗೇ ಬಿಡ್ತಾರೆ, ಅದೇ ಸರಿ. ಕೊಟ್ಟ ಮೇಲೆ ಜಿಎಫ್‌ಆರ್ ಪೂರ್ತಿ ಅರ್ಧಕ್ಕೆ ಇಳಿಯಲ್ಲ, ಉಳಿದ ಕಿಡ್ನಿ ಜಾಸ್ತಿ ದುಡಿದು ಒಟ್ಟು 60ರಿಂದ 70 ಪರ್ಸೆಂಟ್‌ಗೆ ನಿಲ್ಲುತ್ತೆ. ಅಂದರೆ ಅಮ್ಮನಿಗೆ ಉಳಿಯೋದು 50ರ ಆಸುಪಾಸು. ಅದಕ್ಕೇ ನನ್ನ ಮಾತು ಕೇಳಿದರೆ ಮೊದಲು ನಿಮ್ಮ ಪರೀಕ್ಷೆ ಪೂರ್ತಿ ಆಗಲಿ.

ಆದರೆ ತಮ್ಮನ ಕಿಡ್ನಿ ಯಾಕೆ ಹೋಯ್ತು ಅಂತ ನೀವು ಬರೆದಿಲ್ಲ. ಕಿಡ್ನಿಯಲ್ಲಿ ನೀರುಗುಳ್ಳೆ ಆಗೋ ಪಾಲಿಸಿಸ್ಟಿಕ್ ಥರದ ವಂಶದ ಕಾಯಿಲೆ ಆಗಿದ್ದರೆ ನಿಮಗೂ ಇರಬಹುದು, ವಯಸ್ಸು ಚಿಕ್ಕದು ಅಂತ ಮುಂದೆ ಹೋಗಬೇಡಿ. ಇದನ್ನ ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಿ.

ಯಾರೇ ಕೊಟ್ಟರೂ ಭಾರ ಎತ್ತೋದು ಒಂದೂವರೆ ತಿಂಗಳಾದರೂ ಬೇಡ. ನಮ್ಮ ರಾಯಚೂರು ಕಡೆ ಬಿಸಿಲಲ್ಲಿ ನೀರು ಕುಡೀದೆ ಗದ್ದೆಯಲ್ಲಿ ನಿಲ್ಲೋದು, ಸಂಜೆ ಮೈಕೈ ನೋವು ಅಂತ ಡೈಕ್ಲೋಫಿನ್ಯಾಕ್, ಐಬುಪ್ರೊಫೇನ್ ಗುಳಿಗೆ ನುಂಗೋದು, ಇವೆರಡೂ ಒಂಟಿ ಕಿಡ್ನಿಗೆ ಆಗಲ್ಲ. ವರ್ಷಕ್ಕೊಮ್ಮೆ ಬಿಪಿ, ಮೂತ್ರ, ಕ್ರಿಯಾಟಿನಿನ್ ನೋಡಿಸಿ. ತಮ್ಮನಿಗೆ ಟ್ಯಾಕ್ರೋಲಿಮಸ್ ಗುಳಿಗೆ (ಹೊಸ ಕಿಡ್ನಿಯನ್ನ ಮೈ ತಿರಸ್ಕರಿಸದ ಹಾಗೆ ತಡೆಯೋದು) ಗಂಟೆಗೆ ಸರಿಯಾಗಿ ಹೋಗಬೇಕು, ಅದು ತಪ್ಪುತ್ತಾ ಹೋದರೆ 113ರ ಕಿಡ್ನಿಯೂ ಉಳಿಯಲ್ಲ.