ಪ್ಯಾಡ್ ಮ್ಯಾಲ ಇಟ್ರ ಚಾರ್ಜ್ ಆಗ್ತೈತಿ ಖರೆ, ದಿನಾ ಇಡಬಹುದೇನ್ರಿ?

ಈ ಸಲ ಬಂದ ಪ್ರಶ್ನೆಗಳೊಳಗ ನಾಕು ವೈರ್‌ಲೆಸ್ ಚಾರ್ಜಿಂಗ್ ಮ್ಯಾಲನ ಅದಾವು, ಅದಕ್ಕ ಉಳಿದದ್ದೆಲ್ಲಾ ಮುಂದಿನ ಸಲಕ್ಕ ಇಟ್ಟು ಇವನ್ನಷ್ಟ ತಗೊಂಡೀನಿ.

ಪ್ರಶ್ನೆ: ನಾನು ಹುಬ್ಬಳ್ಳಿ ಕೇಶ್ವಾಪುರದಾಕಿ, ಸಾಲಿ ಟೀಚರ್. ದೀಪಾವಳಿಗೆ ನಮ್ಮ ತಮ್ಮ ಹೊಸ ಫೋನ್ ಕೊಡಿಸಿದ, ಅದರ ಜೋಡಿ ಒಂದು ವೈರ್‌ಲೆಸ್ ಪ್ಯಾಡನೂ ಕೊಟ್ಟ. ರಾತ್ರಿ ಮಲಗೋಮುಂದ ಅದರ ಮ್ಯಾಲ ಇಟ್ಟು ಮಲಗ್ತೀನಿ. ಎರಡ ಮೂರ ಸಲ ಮುಂಜಾನೆ ಎದ್ದು ನೋಡಿದ್ರ ರಾತ್ರಿ ಎಷ್ಟಿತ್ತೋ ಅಷ್ಟ ಇತ್ತು, ಚಾರ್ಜ್ ಆಗೇ ಇದ್ದಿಲ್ಲ. ಚಾರ್ಜ್ ಆದ ದಿನ ಫೋನಿನ ಬೆನ್ನು ಸುಡ್ತಿರ್ತೈತಿ. "ಅವ್ವಾ, ಇದನ್ನ ದಿನಾ ಹಚ್ಚಿದ್ರ ಬ್ಯಾಟರಿ ಲಗೂನ ಹೋಗ್ತೈತಿ, ಕರೆಂಟ್ ಬಿಲ್ಲೂ ಜಾಸ್ತಿ ಬರ್ತೈತಿ" ಅಂತಾನ ನನ್ನ ಮಗ. ಖರೇನ್ರಿ?

ಉತ್ತರ: ಅಕ್ಕಾರ, ದಿನಾ ಬಳಸ್ರಿ, ಅಡ್ಡಿ ಇಲ್ಲ. ಆದ್ರ ನಿಮ್ಮ ಮಗ ಹೇಳಿದ್ರಾಗ ಅರ್ಧ ಖರೆ ಐತಿ, ಮತ್ತ ಆ ಅರ್ಧ ಪೂರಾ ಆ ಸುಡೋ ಬೆನ್ನಿನ್ಯಾಗ ಐತಿ. ಕರೆಂಟು ವೈರಿನಿಂದ ಬಂತೋ ಪ್ಯಾಡಿನಿಂದ ಬಂತೋ ಬ್ಯಾಟರಿಗೆ ಗೊತ್ತಾಗಂಗಿಲ್ಲ, ಆದ್ರ ಬಿಸಿ ಮಾತ್ರ ಗೊತ್ತಾಗ್ತೈತಿ.

ಮೊದಲ ಇದು ಹೆಂಗ ನಡೀತೈತಿ ಅಂತ ಹೇಳಿಬಿಡ್ತೀನಿ, ಅದು ತಿಳದ್ರ ಉಳಿದದ್ದು ನಿಮಗ ತಾನ ತಿಳೀತೈತಿ. ಪ್ಯಾಡಿನ ಒಳಗ ತಾಮ್ರದ ತಂತಿ ಸುತ್ತಿದ ಒಂದು ಕಾಯಿಲ್ ಇರ್ತೈತಿ, ನಿಮ್ಮ ಫೋನಿನ ಬೆನ್ನೊಳಗ ಅಂಥಾದ್ದ ಇನ್ನೊಂದು. ಪ್ಯಾಡಿನ ಕಾಯಿಲ್‌ನ್ಯಾಗ ಕರೆಂಟು ಸೆಕೆಂಡಿಗೆ ಲಕ್ಷಕ್ಕಿಂತ ಹೆಚ್ಚು ಸಲ ಹಿಂದಮುಂದ ಓಡ್ತೈತಿ, ಅದರಿಂದ ಸುತ್ತಲಿನ ಕಾಂತಕ್ಷೇತ್ರ ಏರಿಳೀತೈತಿ, ಆ ಏರಿಳಿತಕ್ಕ ಮ್ಯಾಲಿನ ಕಾಯಿಲ್‌ನ್ಯಾಗ ಕರೆಂಟು ಹುಟ್ಟತೈತಿ. 1831ರಾಗ ಮೈಕೆಲ್ ಫ್ಯಾರಡೆ ತೋರಿಸಿದ್ದು ಇದನ್ನ, ನಿಮ್ಮ ಓಣಿ ಮೂಲಿಯೊಳಗಿನ ಟ್ರಾನ್ಸ್‌ಫಾರ್ಮರ್ ನಡಿಯೋದೂ ಇದರ ಮ್ಯಾಲನ. ಎರಡೂ ಕಾಯಿಲ್ ಒಂದರ ನೆತ್ತಿ ಮ್ಯಾಲ ಒಂದು ಸರಿಯಾಗಿ ಕುಂತ್ರ ಛಲೋ ಚಾರ್ಜ್ ಆಗ್ತೈತಿ. ಒಂದು ಬೆಟ್ಟಿನಷ್ಟು ಆಕಡೆ ಈಕಡೆ ಸರೀತಂದ್ರ ಸಾಕು, ದಾಟೋ ಕರೆಂಟ್ ಕಡಿಮಿ ಆಗ್ತೈತಿ, ದಾಟದೆ ಉಳಿದದ್ದು ಬಿಸಿಯಾಗಿ ಹೋಗ್ತೈತಿ, ಇನ್ನೂ ಸರದ್ರ ಪ್ಯಾಡ್ ಚಾರ್ಜ್ ಮಾಡೋದನ್ನ ಬಿಟ್ಟಬಿಡ್ತೈತಿ.

ನಿಮಗ ಆದದ್ದು ಇದ ಅಕ್ಕಾರ. ನನ್ನ ಟೇಬಲ್ ಮ್ಯಾಲೂ ಹಿಂಗ ಆಗಿತ್ತು, ರಾತ್ರಿ ಸರಿಯಾಗಿ ಇಟ್ಟಿದ್ದೆ, ಹಸಿರು ಲೈಟೂ ಬಂದಿತ್ತು, ಮುಂಜಾನೆ ನೋಡಿದ್ರ 31 ಪರ್ಸೆಂಟ್. ಒಂದು ರಾತ್ರಿ ಕುಂತು ನೋಡಿದೆ, ಫೋನ್ ವೈಬ್ರೇಟ್ ಮೋಡ್‌ನ್ಯಾಗ ಇತ್ತು, ಮೆಸೇಜ್ ಬಂದಾಗೊಮ್ಮೆ ಝುಂ ಅಂತ ನಡುಗಿ ಕೂದಲೆಳೆಯಷ್ಟು ಸರೀತಿತ್ತು, ಮನಿಮಂದಿ ಗ್ರೂಪಿನ ಶುಭರಾತ್ರಿ ಎಲ್ಲಾ ಮುಗಿಯೋದ್ರಾಗ ಪ್ಯಾಡಿನ ಅಂಚಿಗೆ ಬಂದಿತ್ತು. ಆಮ್ಯಾಲ ನಮ್ಮ ಮನಿಯಾಕಿ ಒಂದು ಉಪಾಯ ಮಾಡಿದ್ಲು. ಫೋನನ್ನ ನಿಧಾನಕ ಸರಿಸ್ಕೋತ ಎಲ್ಲಿ ಇಟ್ರ ಚಾರ್ಜ್ ಜೋರು ಹಿಡೀತೈತಿ ಅನ್ನೋದನ್ನ ಹುಡುಕಿ, ಫೋನಿನ ಮ್ಯಾಲಿನ ಅಂಚು ಎಲ್ಲಿ ಬರ್ತೈತೋ ಅಲ್ಲಿ ಟೇಬಲಿಗೆ ಒಂದು ಕೆಂಪು ಟಿಕಳಿ ಹಚ್ಚಿದ್ಲು, ಪ್ಯಾಡ್ ಸರೀಬಾರದಂತ ಅದರ ಬುಡಕ್ಕ ಎರಡ್ ಮುಖದ ಟೇಪ್. ಈಗ ಕತ್ತಲಾಗೂ ಕೈ ತಪ್ಪಂಗಿಲ್ಲ. ನೀವೂ ಹಿಂಗ ಮಾಡ್ರಿ, ರಾತ್ರಿ ವೈಬ್ರೇಟ್ ಬಂದ್ ಮಾಡಿ ಮಲಗ್ರಿ.

ಇದಕ್ಕ ಪಕ್ಕಾ ಔಷಧ ಅಂದ್ರ ಮ್ಯಾಗ್ನೆಟ್. 2020ರಾಗ ಐಫೋನ್ 12 ಜೋಡಿ ಆಪಲ್‌ನವರು ಮ್ಯಾಗ್‌ಸೇಫ್ ಅಂತ ತಂದ್ರು, ಕಾಯಿಲ್ ಸುತ್ತ ಮ್ಯಾಗ್ನೆಟ್ ಉಂಗುರ ಇರೋದ್ರಿಂದ ಫೋನ್ ತಾನ ಬಂದು ಟಪ್ ಅಂತ ಸರಿಯಾದ ಜಾಗಕ್ಕ ಕೂಡ್ತೈತಿ. ಡಬ್ಬಿ ಮ್ಯಾಲ ಕ್ಯೂ ಐ ಅಂತ ಎರಡಕ್ಷರ ಬರದಿರ್ತಾರಲ್ಲ, ಓದೋದು ಚೀ ಅಂತ, ಅದು ಎಲ್ಲಾ ಕಂಪನಿ ಪ್ಯಾಡು ಎಲ್ಲಾ ಕಂಪನಿ ಫೋನಿಗೂ ಹೊಂದಲಿ ಅಂತ ಮಾಡಿದ ಸ್ಟ್ಯಾಂಡರ್ಡ್, ಅದರ ಹೊಸ ಆವೃತ್ತಿ ಚೀ ಟೂ 2023ರಾಗ ಬಂತು, ಅದ್ರಾಗೂ ಇದ ಮ್ಯಾಗ್ನೆಟ್ ಪದ್ಧತಿ ತಗೊಂಡಾರ. ನಿಮ್ಮ ಫೋನೊಳಗ ಮ್ಯಾಗ್ನೆಟ್ ಇಲ್ಲಂದ್ರ ಮ್ಯಾಗ್ನೆಟ್ ಇರೋ ಬ್ಯಾಕ್ ಕವರ್ ಸಿಗ್ತಾವು, ನಿಮ್ಮ ಮಾಡೆಲ್ಲಿಗಂತ ಮಾಡಿದ್ದನ್ನ ತಗೋರಿ, ಜೋಡಿ ಪ್ಯಾಡೂ ಮ್ಯಾಗ್ನೆಟ್ ಇರೋದ ಬೇಕು.

ಈಗ ಬಿಸಿ ವಿಷಯ. ಲಿಥಿಯಂ ಅಯಾನ್ ಬ್ಯಾಟರಿ ವಯಸ್ಸಾಗೋದು ಎಲ್ಲದರಿಂದಾನೂ ಆಗ್ತೈತಿ, ಆದ್ರ ಲಗೂ ಮುದುಕ ಆಗೋದು ಯಾವಾಗ ಅಂದ್ರ ಪೂರಾ ತುಂಬಿರಬೇಕು, ಮ್ಯಾಲ ಬಿಸೀನೂ ಇರಬೇಕು, ಅವೆರಡೂ ಕೂಡಿ ತಾಸುಗಟ್ಟಲೆ ಇರಬೇಕು. ರಾತ್ರಿಯೆಲ್ಲಾ ಪ್ಯಾಡ್ ಮ್ಯಾಲ 100 ಪರ್ಸೆಂಟ್‌ನ್ಯಾಗ ಬೆಚ್ಚಗ ಮಲಗಿಸೋದಂದ್ರ ಇದ ಆತು. ಅದಕ್ಕ ಸೆಟ್ಟಿಂಗ್‌ನ್ಯಾಗ ಬ್ಯಾಟರಿ ಅನ್ನೋದ್ರ ಒಳಗ ಹೋಗಿ 80 ಪರ್ಸೆಂಟ್‌ಗೆ ನಿಲ್ಲಿಸೋ ಆಯ್ಕೆ ಇದ್ರ ಆನ್ ಮಾಡ್ರಿ, ಈಗಿನ ಹೊಸ ಫೋನ್ ಭಾಳಷ್ಟಕ್ಕ ಐತಿ. ಸಾಲಿಗೆ ಹೋಗಿ ಬರಾಕ 80 ಸಾಲ್ತೈತಿ ನಿಮಗ, ಪರೀಕ್ಷೆ ಡ್ಯೂಟಿ, ಮದುವಿ, ಪ್ರವಾಸ ಇದ್ದ ದಿನ ಪೂರಾ ತುಂಬಸ್ರಿ.

ಪ್ಯಾಡ್ ಎಲ್ಲಿ ಇಡ್ತೀರಿ ಅನ್ನೋದೂ ದೊಡ್ಡದು. ಹಾಸಿಗಿ ಮ್ಯಾಲ, ಕೌದಿ ಮ್ಯಾಲ, ದಿಂಬಿನ ಬಾಜೂ ಇಡೋದು ಬ್ಯಾಡ ಅಂದ್ರ ಬ್ಯಾಡ, ಅರಿವಿ ಬಿಸಿನ ಹೊರಗ ಬಿಡಂಗಿಲ್ಲ. ಕಡಪಾ ಕಲ್ಲಿನ ಕಪಾಟು ಇದ್ರ ಅದರ ಮ್ಯಾಲ ಇಡ್ರಿ, ಕಲ್ಲು ತಣ್ಣಗ ಇರ್ತೈತಿ. ಏಪ್ರಿಲ್ ಮೇ ಒಳಗ ನಮ್ಮ ಕಡೆ 38 ಡಿಗ್ರಿ ಮುಟ್ಟಿದ ದಿನ ಮಧ್ಯಾಹ್ನ ಪ್ಯಾಡ್ ಹಚ್ಚಲೇಬ್ಯಾಡ್ರಿ, ಐಫೋನಿಗೆ ಸುತ್ತಲಿನ ಹವಾ 35 ಡಿಗ್ರಿ ಒಳಗ ಇರಲಿ ಅಂತ ಆಪಲ್‌ನವರ ಹೇಳ್ತಾರ, ಹಂಗಿದ್ರ ನಮ್ಮ ಬ್ಯಾಸಗಿ ಮಧ್ಯಾಹ್ನ ಮೊದಲ ಅದನ್ನ ದಾಟಿರ್ತೈತಿ. ಬ್ಯಾಸಗ್ಯಾಗ ನಸುಕಿನ ಹೊತ್ತು ಛಲೋ, ಇಲ್ಲಾ ಫ್ಯಾನಿನ ಗಾಳಿ ಬೀಳೋ ಜಾಗ. ಮಕ್ಕಳಿಗೆ ಜ್ವರ ನೋಡ್ತೀವಲ್ಲ, ಹಂಗ ಅಂಗೈ ತಿರುವಿ ಕೈಬೆನ್ನು ಇಟ್ಟು ನೋಡ್ರಿ, ಬೆಚ್ಚಗ ಐತಿ ಅನಿಸಿದ್ರ ಆತು, ಕೈ ಹಿಂದಕ್ಕ ತಗೋಬೇಕು ಅನಿಸಿದ್ರ ಇಳಿಸಿಬಿಡ್ರಿ.

ಕವರ್ ಹಿಂದ ಬೆರಳಿಗೆ ಹಾಕೋ ಸ್ಟೀಲಿನ ರಿಂಗ್ ಅಂಟಿಸಿದ್ರ ಅದನ್ನ ತಗೀರಿ. ದುರ್ಗದಬೈಲ್‌ದಾಗ ಫೋನ್ ಸಾಮಾನು ತಗೊಂಡವರು ಅರ್ಧ ಮಂದಿ ಕವರಿನ ಮ್ಯಾಲ ಇದು ನೋಡೀನಿ. ಕಾಯಿಲ್ ನಡುವ ಲೋಹ ಬಂದ್ರ ಆ ಲೋಹ ಕಾಯ್ತೈತಿ, ಛಲೋ ಪ್ಯಾಡ್ ಇದ್ರ ಅದು ಗುರುತಿಸಿ ನಿಂದರ್ತೈತಿ, ಹಲಕಾ ಪ್ಯಾಡ್ ನಿಂದರಂಗಿಲ್ಲ. ಕವರ್ ಒಳಗ ಎಟಿಎಂ ಕಾರ್ಡ್, ಚಿಲ್ಲರ್ ಇಡೋ ರೂಢಿ ಇದ್ರ ಅದೂ ಬ್ಯಾಡ.

ಅಡಾಪ್ಟರ್ ಯಾವುದು ಹಚ್ಚೀರಿ ಅಂತ ನೀವು ಬರದಿಲ್ಲ. ಪ್ಯಾಡ್ 15 ವ್ಯಾಟ್ ಅಂತ ಇದ್ರೂ ಹಿಂದ ಹಳೇ 5 ವ್ಯಾಟ್ ಚಾರ್ಜರ್ ಹಚ್ಚಿದ್ರ ರಾತ್ರಿಯೆಲ್ಲಾ ಒದ್ದಾಡ್ತೈತಿ. 20 ವ್ಯಾಟ್ ಪಿಡಿ ಅಂತ ಬರದಿದ್ದು ಹಚ್ಚರಿ.

ಬಿಲ್ಲಿಗೆ ಅಂಜಬ್ಯಾಡ್ರಿ. 5000 ಎಂಎಎಚ್ ಬ್ಯಾಟರಿ ಅಂದ್ರ ಸುಮಾರು 19 ವ್ಯಾಟ್ ಅವರ್. ವೈರಿನಿಂದ ತುಂಬಿಸಿದ್ರ ಗ್ವಾಡಿ ಪ್ಲಗ್‌ನಿಂದ 22, 23 ಹೋಗ್ತೈತಿ ಅನ್ರಿ, ಪ್ಯಾಡಿನಿಂದ 28, 30. ದಿನಾ ಖಾಲಿಯಿಂದ ಪೂರಾ ತುಂಬಿಸಿದ್ರೂ ಫರಕು ವರ್ಷಕ್ಕ ಮೂರು ಯೂನಿಟ್ ಒಳಗ, ರೊಕ್ಕದಾಗ 20 ರೂಪಾಯಿ ಆಸುಪಾಸು, ಹೆಸ್ಕಾಂ ಬಿಲ್ಲಿನ್ಯಾಗ ಕಣ್ಣಿಗೂ ಬೀಳಂಗಿಲ್ಲ. ಆದ್ರ ಆ ಹೆಚ್ಚಿಗಿ ಹೋದ ಕರೆಂಟು ಎಲ್ಲಿ ಹೋತು ಅಂದ್ರ ಬಿಸಿಯಾಗಿ ಹೋತು, ಅದ್ರಾಗ ಒಂದಿಷ್ಟು ಫೋನಿನ ಬೆನ್ನಿಗೇ ಹೋತು. ಹಿಂಗಾಗಿ ನಾನು ರೊಕ್ಕಕ್ಕಿಂತ ಬಿಸಿ ಮ್ಯಾಲ ಇಷ್ಟು ಬರಿಯಾಕತ್ತೀನಿ.

ಗಡಿಬಿಡಿ ಇದ್ದಾಗ ವೈರ್ ಹಚ್ಚರಿ. 15 ವ್ಯಾಟ್ ಪ್ಯಾಡಿಗೆ ದೊಡ್ಡ ಬ್ಯಾಟರಿ ತುಂಬಾಕ ಎರಡೂವರಿ ಮೂರು ತಾಸು ಬೇಕು, ವೈರ್ ಅದನ್ನ ಒಂದು ತಾಸಿನ ಮ್ಯಾಲ ಸ್ವಲ್ಪದಾಗ ಮುಗಿಸ್ತೈತಿ. ತಮ್ಮ ಕೊಟ್ಟಾನ, ಫೋನಿನ್ಯಾಗೂ ಐತಿ, ಅಂದ ಮ್ಯಾಲ ಬಳಸ್ರಿ, ಆದ್ರ ಇದೊಂದರ ಸಲುವಾಗಿ ಹತ್ತು ಸಾವಿರ ಹೆಚ್ಚಿಗಿ ಕೊಟ್ಟು ಬ್ಯಾರೆ ಫೋನ್ ತಗೋತೀನಿ ಅಂತ ಯಾರರ ಕೇಳಿದ್ರ ನಾ ಬ್ಯಾಡ ಅಂತೀನಿ.

ಪ್ರಶ್ನೆ: ಬ್ಯಾಡಗಿಯೊಳಗ ಮೆಣಸಿನಕಾಯಿ ಅಂಗಡಿ ನಮ್ದು. ಸೀಜನ್‌ದಾಗ ಫೋನಿನ ಚಾರ್ಜಿಂಗ್ ಪಿನ್ ಜಾಗಾದಾಗ ಕೆಂಪು ಧೂಳು ತುಂಬಿ ವೈರ್ ಸಡಲ ಆಗ್ತೈತಿ, ಕೈಲೆ ಒತ್ತಿ ಹಿಡದ್ರಷ್ಟ ಚಾರ್ಜ್. ವೈರ್‌ಲೆಸ್ ತಗೊಂಡ್ರ ಈ ತ್ರಾಸು ಹೋಗ್ತೈತೇನ್ರಿ?

ಉತ್ತರ: ನಿಮ್ಮಂಥವರಿಗೇ ಖರೇ ಉಪಯೋಗ ಆಗೋದು ಇದು ಅಣ್ಣಾರ. ಬ್ಯಾಡಗಿ ಕಾಯಿ ಖಾರಕ್ಕಿಂತ ಬಣ್ಣಕ್ಕ ಹೆಸರಾದದ್ದು, ಆ ಬಣ್ಣ ಎಣ್ಣಿ ಅಂಶದಾಗ ಇರ್ತೈತಿ, ಹಂಗಾಗಿ ಅದರ ಧೂಳು ಬರೇ ಮಣ್ಣಿನ ಧೂಳಿನಂಗ ಉದುರಂಗಿಲ್ಲ, ಅಂಟ್ಕೊಂಡು ಕುಂಡ್ರತೈತಿ. ವೈರ್ ಹಾಕಿದಾಗೊಮ್ಮೆ ಅದನ್ನ ಇನ್ನೂ ಒಳಗ ಒತ್ತತೈತಿ, ಬರಬರತಾ ತಳದಾಗ ಗಟ್ಟಿ ಪದರ ಆಗಿ ಪಿನ್ ಪೂರಾ ಒಳಗ ಹೋಗಂಗಿಲ್ಲ.

ಖರ್ಚು ಮಾಡೂಕಿಂತ ಮೊದಲು ಆ ಪದರ ತಗೀರಿ. ಫೋನ್ ಸ್ವಿಚ್ ಆಫ್ ಮಾಡಿ, ಬೆಳಕಿನ್ಯಾಗ ಹಿಡದು, ಕಟಿಗಿ ಟೂತ್‌ಪಿಕ್ಕಿನ ತುದಿಲೆ ಅಂಚಿನ ಗುಂಟ ಹಗೂರಕ ಕೆದರಿ ಹೊರಗ ಎಳೀರಿ. ಟೈಪ್ ಸಿ ಒಳಗ ನಟ್ಟನಡುವ ತೆಳ್ಳನ ನಾಲಿಗಿಯಂಥಾದ್ದು ಒಂದು ಇರ್ತೈತಿ, ಅದಕ್ಕ ಧಕ್ಕಿ ಆಗಬಾರದು. ಗುಂಡುಪಿನ್ನು, ಸೂಜಿ ಹಾಕಬ್ಯಾಡ್ರಿ, ಬಾಯಿಲೆ ಊದಲೂಬ್ಯಾಡ್ರಿ, ಉಗುಳಿನ ತೇವ ಒಳಗ ಹೋಗ್ತೈತಿ. ನನ್ನ ಹಳೇ ಫೋನಿಗೆ ಒಬ್ಬ ರಿಪೇರಿಯವರು ಪೋರ್ಟ್ ಹೋಗೈತಿ, ಹೊಸಾದು ಹಾಕಬೇಕು ಅಂದಿದ್ರು. ಮನಿಗೆ ಬಂದು ಕೆದರಿದ್ರ ಅಂಗಿ ಕಿಸೆದಾಗಿನ ಹತ್ತಿ ನೂಲು ಜ್ವಾಳದ ಕಾಳಿನಷ್ಟು ಉಂಡಿ ಆಗಿ ಹೊರಗ ಬಂತು, ಆಮ್ಯಾಲ ಎರಡು ವರ್ಷ ಆ ಫೋನ್ ನಡೀತು. ಹಿಂಗಾಗಿ ಯಾರಿಗೂ ಮೊದಲ ಇದನ್ನ ಹೇಳ್ತೀನಿ.

ಸ್ವಚ್ಛ ಆದಮ್ಯಾಲ ಅಂಗಡಿಯೊಳಗ ಪೋರ್ಟಿಗೆ ಸಿಲಿಕಾನ್ ಬಿರಡಿ ಹಾಕಿ ಬಂದ್ ಮಾಡಿಬಿಡ್ರಿ, ಪ್ಯಾಡಿನ ಮ್ಯಾಲ ಚಾರ್ಜ್ ಮಾಡ್ರಿ, ಪ್ಯಾಡನ್ನ ಒಣ ಅರಿವೀಲೆ ದಿನಾ ಒರಸ್ರಿ. ಮಳಿಗಾಲದಾಗೂ ಇದು ಅನುಕೂಲ, ಪೋರ್ಟಿನೊಳಗ ನೀರು ಐತಿ ಅಂತ ಫೋನ್ ಎಚ್ಚರಿಕಿ ಕೊಟ್ರ ವೈರ್ ಹಚ್ಚೂಹಂಗಿಲ್ಲ, ಬೆನ್ನು ಒರಸಿ ಪ್ಯಾಡ್ ಮ್ಯಾಲ ಇಟ್ರ ನಡೀತೈತಿ. ನಿಮ್ಮ ಫೋನಿಗೆ ಈ ಸೌಲಭ್ಯ ಐತೋ ಇಲ್ಲೋ ಮಾತ್ರ ಮೊದಲ ನೋಡ್ಕೋರಿ, ಬೆಲಿ ಕಡಿಮಿ ಇರೋ ಫೋನ್ ಭಾಳಷ್ಟಕ್ಕ ಇರಂಗಿಲ್ಲ.

ಪ್ರಶ್ನೆ: ಧಾರವಾಡದಾಗ ಹಾಸ್ಟೆಲ್‌ನ್ಯಾಗ ಇದ್ದು ಓದಾಕತ್ತೀನಿ. ನನ್ನ ಫೋನಿಗೆ ವೈರ್‌ಲೆಸ್ ಇಲ್ಲ. ಬೆನ್ನಿಗೆ ಅಂಟಿಸೋ ರಿಸೀವರ್ ಸ್ಟಿಕ್ಕರ್ ಆನ್‌ಲೈನ್ ಸಿಗ್ತಾವು, ತಗೋಬೇಕಾ?

ಉತ್ತರ: ಬ್ಯಾಡ ತಮ್ಮಾ. ಅದರ ಬಾಲ ಹೋಗಿ ಪೋರ್ಟಿನೊಳಗ ಕುಂಡ್ರತೈತಿ, ಅಂದ್ರ ಪೋರ್ಟ್ ಬಂದ್ ಆತು, ಚಾರ್ಜೂ ಭಾಳ ನಿಧಾನ. ಅದ ರೊಕ್ಕದಾಗ ಒಂದು ಛಲೋ ಕೇಬಲ್ ತಗೋ, ಎರಡು ಮೀಟರಿನದು, ಹಾಸ್ಟೆಲ್‌ನ್ಯಾಗ ಪ್ಲಗ್ ಯಾವಾಗೂ ಕಾಟಿನಿಂದ ದೂರನ ಇರ್ತೈತಿ.

ಪ್ರಶ್ನೆ: ಗದಗಿನಿಂದ ಬರಿಯಾಕತ್ತೀನಿ. ನಮ್ಮ ಅಪ್ಪಾರಿಗೆ ಹೋದ ವರ್ಷ ಪೇಸ್‌ಮೇಕರ್ ಹಾಕ್ಯಾರ. ಬೆರಳು ನಡುಗ್ತಾವು, ವೈರ್ ಚುಚ್ಚಾಕ ಆಗಂಗಿಲ್ಲ, ಅದಕ್ಕ ಮ್ಯಾಗ್ನೆಟ್ ಇರೋ ವೈರ್‌ಲೆಸ್ ಚಾರ್ಜರ್ ಕೊಡಿಸಬೇಕು ಅಂತ ಮಾಡೀನಿ. ಏನರ ಅಪಾಯ ಐತೇನ್ರಿ?

ಉತ್ತರ: ಕೇಳಿದ್ದು ಭಾಳ ಛಲೋ ಆತು ನೋಡ್ರಿ. ಪೇಸ್‌ಮೇಕರ್ ಒಳಗ ಮ್ಯಾಗ್ನೆಟ್ ಗುರುತಿಸೋ ಸೆನ್ಸರ್ ಇರ್ತೈತಿ, ಡಾಕ್ಟರ್ ಹೊರಗಿನಿಂದ ಮ್ಯಾಗ್ನೆಟ್ ಹಿಡದು ಅದನ್ನ ಬ್ಯಾರೆ ಮೋಡಿಗೆ ತರಲಿ ಅಂತನ ಹಂಗ ಮಾಡಿರ್ತಾರ. ಫೋನಿನ ಮ್ಯಾಗ್ನೆಟ್ ಎದಿಗೆ ಹತ್ತಿ ಕುಂತ್ರ ಅದೂ ಆ ಸೆನ್ಸರಿಗೆ ತಾಗಬಹುದು. ಅದಕ್ಕ ಆಪಲ್‌ನವರು ಫೋನು, ಮ್ಯಾಗ್‌ಸೇಫ್ ಸಾಮಾನು ಎಲ್ಲಾ ಪೇಸ್‌ಮೇಕರಿನಿಂದ 15 ಸೆಂಟಿಮೀಟರಿಗಿಂತ ದೂರ ಇರಲಿ, ವೈರ್‌ಲೆಸ್ ಚಾರ್ಜ್ ಆಗಾಕತ್ತಿದ್ರ 30 ಸೆಂಟಿಮೀಟರಿಗಿಂತ ದೂರ ಅಂತ ಹೇಳ್ತಾರ. 30 ಅಂದ್ರ ಸಾಲಿ ಪಟ್ಟಿ ಇರ್ತೈತಲ್ಲ, ಅದರ ಪೂರಾ ಉದ್ದ.

ಅಪ್ಪಾರ ಬೆರಳಿನ ತ್ರಾಸು ದೊಡ್ಡದು, ಅದನ್ನ ನಾ ತಿಳ್ಕೋತೀನಿ, ನಮ್ಮ ಮನ್ಯಾಗೂ ಹಿರಿಯರ ಕೈ ನಡುಗೋದು ನೋಡೀನಿ. ಹಂಗಂತ ಕೈಯಾರೆ ಕೊಟ್ಟುಬಿಡಬ್ಯಾಡ್ರಿ, ಮೊದಲ ಪೇಸ್‌ಮೇಕರ್ ಹಾಕಿದ ಡಾಕ್ಟರಿಗೆ ಅದರ ಕಾರ್ಡ್ ತೋರಿಸಿ, ಈ ಫೋನು ಈ ಚಾರ್ಜರ್ ಅಂತ ಮಾಡೆಲ್ ಹೆಸರು ಹೇಳಿ ಕೇಳ್ರಿ. ಅವರು ಆಗಲಿ ಅಂದ್ರ ಮ್ಯಾಗ್ನೆಟ್ ಇಲ್ಲದ, ಓರೆಯಾಗಿ ನಿಂದ್ರೋ ಸ್ಟ್ಯಾಂಡ್ ತಗೋರಿ, ಕೆಳಗಿನ ಅಂಚು ಫೋನನ್ನ ತಾನ ಹಿಡಕೋತೈತಿ, ಇಡಾಕ ತಗೀಯಾಕ ಅಪ್ಪಾರಿಗೂ ಹಗೂರ. ಅದನ್ನ ಅವರ ಹಾಸಿಗಿ ತಲಿದಿಂಬಿನ ಕಡೆ ಇಡದ ಪಡಸಾಲ್ಯಾಗಿನ ಟಿವಿ ಕಟ್ಟಿ ಮ್ಯಾಲ ಇಡ್ರಿ. ಮತ್ತ ಅವರು ಫೋನನ್ನ ಅಂಗಿಯ ಎದಿ ಕಿಸೆದಾಗ ಇಡೋರಾದ್ರ ಇವತ್ತ ಬಿಡಸ್ರಿ, ಚಾರ್ಜರ್ ತಗೋರಿ ಬಿಡ್ರಿ. ಬಂಡಿ ಹಾಕೋ ರೂಢಿ ಇದ್ರ ಕೆಳಗ ಸೊಂಟದ ಕಡೆ ಒಂದು ಕಿಸೆ ಹೊಲಿಸಿಕೊಡ್ರಿ.