ಸರ್ಕಾರಿ ವಕೀಲರಾಗಿ ಕಾರ್ಮಿಕರ ಕೇಸು ನಡೆಸುವುದೆಂದರೆ ಬಡವರ ವಿರುದ್ಧ ನಿಂತಂತೆಯೇ?

ನೀವು ಕೇಳಿದ್ದು ಎರಡು ಮಾತು. ಗದಗಿನಲ್ಲಿ ಒಬ್ಬ ಹಿರಿಯ ವಕೀಲರ ಹತ್ತಿರ ಜೂನಿಯರ್ ಆಗಿದ್ದೀರಿ, ಮುಂದೆ ಸರ್ಕಾರಿ ವಕೀಲೆಯಾಗಿ ಕಾರ್ಮಿಕ ಮತ್ತು ನೌಕರಿ ಕೇಸುಗಳನ್ನೇ ನಡೆಸುವ ಆಸೆ ಇದೆ, ದಾರಿ ಯಾವುದು ಅನ್ನುವುದು ಒಂದು. ಸರ್ಕಾರದ ಪರ ನಿಂತರೆ ಬಡವರ ವಿರುದ್ಧ ನಿಂತಂತೆ ಅಲ್ವಾ ಅನ್ನುವುದು ಇನ್ನೊಂದು. ನಾನು ಧಾರವಾಡದ ಹೈಕೋರ್ಟ್ ಪೀಠದಲ್ಲಿ ಹಲವು ವರ್ಷ ಇದೇ ಕೆಲಸ ಮಾಡಿದ್ದೇನೆ. ಎರಡನೆಯದಕ್ಕೇ ಮೊದಲು ಉತ್ತರ ಹೇಳುತ್ತೇನೆ. ಅದು ಮನಸ್ಸಿನಲ್ಲಿ ಬಗೆಹರಿಯದೆ ಈ ಕೆಲಸಕ್ಕೆ ಬರಬೇಡಿ.

ನಿಮ್ಮ ಕಕ್ಷಿದಾರ ಸರ್ಕಾರ. ಫೈಲು ಹಿಡಿದು ನಿಮ್ಮ ಎದುರು ಕೂತಿರುವ ಸಾಹೇಬರಲ್ಲ. ದಿನಗೂಲಿಯವನಿಗೆ ಕಾನೂನಿನ ಪ್ರಕಾರ ಸಿಗಬೇಕಾದ್ದನ್ನು ತಪ್ಪಿಸುವುದರಲ್ಲಿ ಸರ್ಕಾರಕ್ಕೆ ಯಾವ ಲಾಭವೂ ಇಲ್ಲ. ತನ್ನ ತಪ್ಪು ಮೇಲಿನವರಿಗೆ ಗೊತ್ತಾಗಬಾರದು ಅನ್ನುವ ಅವಸರ ಇರುವುದು ಕೆಳಗಿನ ಕಚೇರಿಗೆ. ಕಡತ ಪೂರ್ತಿ ಓದಿ, "ಇದು ಮೇಲ್ಮನವಿಗೆ ಯೋಗ್ಯವಾದ ಪ್ರಕರಣವಲ್ಲ, ಆದೇಶ ಜಾರಿ ಮಾಡಿ" ಎಂದು ಬರೆದು ಸಹಿ ಹಾಕಬಲ್ಲವರು ನೀವು. ಎದುರಿನ ವಕೀಲರು ಎಷ್ಟೇ ಚೆನ್ನಾಗಿ ವಾದ ಮಾಡಲಿ, ಈ ಒಂದು ಸಾಲು ಬರೆಯುವುದು ಅವರ ಕೈಯಲ್ಲಿಲ್ಲ. ನಾನು ಬರೆದ ವಾದಗಳಿಗಿಂತ ಈ ಅಭಿಪ್ರಾಯಗಳಿಂದಲೇ ಜಾಸ್ತಿ ಜನರ ಮನೆಯಲ್ಲಿ ಒಲೆ ಉರಿದಿದೆ ಎಂದು ನಂಬಿದ್ದೇನೆ.

ಒಂದು ಕೇಸು ಹೇಳುತ್ತೇನೆ. ಒಂದು ಇಲಾಖೆಯ ಪ್ರವಾಸಿ ಮಂದಿರದಲ್ಲಿ ದಿನಗೂಲಿ ಕಾವಲುಗಾರ. ಬಾಯಿ ಮಾತಿನಲ್ಲಿ ಬರಬೇಡ ಅಂದಿದ್ದರು. ಹುಬ್ಬಳ್ಳಿಯ ಕಾರ್ಮಿಕ ನ್ಯಾಯಾಲಯ ಆತನನ್ನು ವಾಪಸ್ ತೆಗೆದುಕೊಳ್ಳಿ ಎಂದಿತ್ತು. ಅದರ ವಿರುದ್ಧ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬೇಕೆಂದು ಕಡತ ನನ್ನ ಬಳಿ ಬಂತು. ಎದುರಿನವರ ಒಂದೊಂದು ಮಾತಿಗೂ ಇಲಾಖೆ ಕೊಡಬೇಕಾದ ಪ್ಯಾರಾವಾರು ಉತ್ತರ ಅಂತ ಇದ್ದದ್ದು ಒಂದೇ ಹಾಳೆ: ಆತ ಯಾವ ವರ್ಷವೂ 240 ದಿನ ಕೆಲಸ ಮಾಡಿಲ್ಲ. ಎನ್‌ಎಂಆರ್ (ದಿನಗೂಲಿಯವರ ಹಾಜರಿ ಪಟ್ಟಿ) ತನ್ನಿ, ನೋಡದೆ ನಾನು ಒಂದಕ್ಷರ ಬರೆಯುವುದಿಲ್ಲ ಅಂದೆ. "ಹಳೇ ರೆಕಾರ್ಡ್ ಸಿಗವಲ್ದ್ರಿ ಸರ, ಆಫೀಸ್ ಶಿಫ್ಟ್ ಆಗಿ ಎಲ್ಲಾ ಕಲಸಿ ಹೋಗೇತ್ರಿ" ಅಂದರು ಕಡತ ನೋಡಿಕೊಳ್ಳುವ ವಿಷಯ ನಿರ್ವಾಹಕರು. ನಾನು ಬಿಡಲಿಲ್ಲ. ಕೊನೆಗೆ ಬಟ್ಟೆಯಲ್ಲಿ ಕಟ್ಟಿದ ಗಂಟು ಬಂತು.

ಹಾಜರಿ ಹಾಳೆಗಳನ್ನು ತಿಂಗಳ ಪ್ರಕಾರ ಮೇಜಿನ ಮೇಲೆ ಹರಡಿದೆ. ಜನವರಿಯಿಂದ ಜೂನ್‌ವರೆಗೆ ಆತನ ಹೆಸರು. ಜುಲೈನಿಂದ ಅದೇ ಸಾಲಿನಲ್ಲಿ ಒಬ್ಬ ಹೆಣ್ಣುಮಗಳ ಹೆಸರು. ನಮ್ಮ ಕಡೆ ಹೆಸರಿನ ನಡುವೆ ಗಂಡನ ಹೆಸರು ಬರೆಯುತ್ತಾರಲ್ಲ, ಅಲ್ಲಿ ಆತನ ಹೆಸರಿತ್ತು. ಮುಂದಿನ ಜನವರಿಗೆ ಮತ್ತೆ ಆತ, ಜುಲೈಗೆ ಮತ್ತೆ ಆಕೆ. ಆದರೆ ಕೂಲಿ ಪಡೆದ ಸಹಿ ಹನ್ನೆರಡೂ ತಿಂಗಳು ಒಂದೇ. ಸಹಿಯ ಕೆಳಗೆ ಎಳೆದ ಗೆರೆ ಪ್ರತಿ ಸಲ ಚೌಕ ದಾಟಿ ಪಕ್ಕದ ಷರಾ ಕಾಲಂಗೆ ನುಗ್ಗಿತ್ತು. ಆ ಗೆರೆ ನೋಡಿದ ಮೇಲೆ ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ವರ್ಷಕ್ಕೆ 240 ದಿನ ತುಂಬಬಾರದು ಅಂತ ಯಾರೋ ಲೆಕ್ಕ ಹಾಕಿ ಬರೆದ ಹಾಳೆಗಳು ಅವು.

ಯಾಕೆ 240 ದಿನ? ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ, ಹಿಂದಿನ ಹನ್ನೆರಡು ತಿಂಗಳಲ್ಲಿ ಅಷ್ಟು ದಿನ ದುಡಿದವನನ್ನು ಸುಮ್ನೆ ಕಳಿಸುವಂತಿರಲಿಲ್ಲ. ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕಿತ್ತು, ಜೊತೆಗೆ ಪ್ರತಿ ಪೂರ್ಣ ವರ್ಷಕ್ಕೆ 15 ದಿನದ ಸರಾಸರಿ ಕೂಲಿ ಕೊಡಬೇಕಿತ್ತು. 25-ಎಫ್ ಕಲಂ ಅದು. 240 ದಿನ ಆಗಿದೆ ಎಂದು ಕೂಲಿಕಾರನೇ ಸಾಬೀತು ಮಾಡಬೇಕು, ಬರೀ ಅಫಿಡವಿಟ್ ಸಾಲದು ಎಂದು ಸುಪ್ರೀಂ ಕೋರ್ಟ್ 2002ರ ಹದಿಮನಿ ಕೇಸಿನಲ್ಲಿ ಹೇಳಿತು. ಇಲಾಖೆಗಳಿಗೆ ಇದೊಂದು ತೀರ್ಪು ಬಾಯಿಪಾಠ. 2005ರ ಯಲ್ಲಟ್ಟಿ ಕೇಸನ್ನು ಮಾತ್ರ ಯಾರೂ ನೆನೆಸುವುದಿಲ್ಲ. ದಿನಗೂಲಿಯವನ ಕೈಯಲ್ಲಿ ನೇಮಕಾತಿ ಪತ್ರವೂ ಇರಲ್ಲ, ಪಗಾರ ಚೀಟಿಯೂ ಇರಲ್ಲ. ಆತ ಕಟಕಟೆ ಹತ್ತಿ ಹೇಳಿದ ಮೇಲೆ, ಹಾಜರಿ ಪಟ್ಟಿ ತನ್ನಿ ಎಂದು ಮಾಲೀಕನನ್ನು ಕೇಳುವುದಷ್ಟೇ ಆತನಿಗೆ ಸಾಧ್ಯ ಎಂದು ಅದೇ ಕೋರ್ಟ್ ಅದರಲ್ಲಿ ಹೇಳಿದೆ. ಎರಡೂ ನಮ್ಮ ರಾಜ್ಯದಿಂದಲೇ ಹೋದ ಕೇಸುಗಳು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಿ.

ಆ ಕಾವಲುಗಾರನ ಕಡತದಲ್ಲಿ ರಿಟ್ ಬೇಡ ಎಂದು ಬರೆದೆ. ಇಲಾಖೆಯವರಿಗೆ ನಾಟಿದ್ದು ನ್ಯಾಯದ ಮಾತಲ್ಲ, ಅದೇ ಕಾಯ್ದೆಯ 17-ಬಿ ಕಲಂ. ವಾಪಸ್ ತೆಗೆದುಕೊಳ್ಳಿ ಎಂಬ ಆದೇಶದ ಮೇಲೆ ಹೈಕೋರ್ಟಿಗೆ ಹೋದರೆ, ಆತ ಬೇರೆಡೆ ದುಡಿಯದೆ ಇದ್ದಲ್ಲಿ, ಕೇಸು ಮುಗಿಯುವವರೆಗೂ ಆತ ಕೊನೆಗೆ ಪಡೆಯುತ್ತಿದ್ದ ಸಂಬಳ ಕೊಡುತ್ತಲೇ ಇರಬೇಕಿತ್ತು. ಕೆಲಸ ಇಲ್ಲದೆ ಸಂಬಳ. ಅದನ್ನು ವರ್ಷದ ಲೆಕ್ಕದಲ್ಲಿ ರೂಪಾಯಿ ಸಮೇತ ಬರೆದಾಗ ಆದೇಶ ಜಾರಿಯಾಯಿತು. ಆತ ಮತ್ತೆ ಅದೇ ಗೇಟಿಗೆ ಬಂದರು. ಇಲಾಖೆಯವರ ಜೊತೆ ಹಣದ ಭಾಷೆಯಲ್ಲಿ ಮಾತಾಡುವುದನ್ನು ನೀವೂ ಕಲಿಯಿರಿ. ಅದರಲ್ಲಿ ತಪ್ಪೇನಿಲ್ಲ, ಅದು ಜನರ ತೆರಿಗೆ ಹಣ.

ಹಾಗಂತ ಪ್ರತಿ ಸಲ ಅರ್ಜಿದಾರರೇ ಸರಿ ಇರುತ್ತಾರೆ ಎಂದಲ್ಲ. ಯಾರದೋ ಶಿಫಾರಸಿನ ಮೇಲೆ ಹಿಂಬಾಗಿಲಿನಿಂದ ಬಂದು, ನಾಲ್ಕು ವರ್ಷ ಕೂತು, ಖಾಯಂ ಮಾಡಿ ಎನ್ನುವವರೂ ಇದ್ದಾರೆ. ಅಲ್ಲಿ ಗಟ್ಟಿಯಾಗಿ ಎದುರು ನಿಲ್ಲಬೇಕು. ಧಾರವಾಡದ ಸಪ್ತಾಪುರದಲ್ಲಿ ಒಮ್ಮೆ ಸಂಜೆ ಓಡಾಡಿ ಬನ್ನಿ. ಒಂದೊಂದು ರೂಮಿನಲ್ಲಿ ಮೂರು ನಾಲ್ಕು ಮಕ್ಕಳು, ಹಾವೇರಿಯವರು, ರೋಣದವರು, ಹೊಲ ಅಡವಿಟ್ಟು ಬಂದವರು, ಕೆಪಿಎಸ್‌ಸಿ ಪರೀಕ್ಷೆಗೆ ವರ್ಷಗಟ್ಟಲೆ ಓದುತ್ತಾರೆ. ಹಿಂಬಾಗಿಲಿನ ಒಂದು ಹುದ್ದೆ ಅವರಲ್ಲಿ ಒಬ್ಬರ ಹುದ್ದೆ. ಅವರು ಕೋರ್ಟಿನಲ್ಲಿ ಇರುವುದಿಲ್ಲ, ಅವರ ಪರ ಯಾರೂ ವಕಾಲತ್ತು ಹಾಕಿರುವುದಿಲ್ಲ. ಅವರ ಪರ ಮಾತಾಡಬೇಕಾದವರು ಸರ್ಕಾರಿ ವಕೀಲರೇ. ಹಿಂಬಾಗಿಲಿನಿಂದ ಬಂದವರನ್ನು ಖಾಯಂ ಮಾಡುವಂತಿಲ್ಲ ಎಂದ ಸುಪ್ರೀಂ ಕೋರ್ಟಿನ 2006ರ ಉಮಾದೇವಿ ತೀರ್ಪಿನ ತಿರುಳು ಇದೇ.

ಈ ಖಾಯಂ ಮಾಡುವ ವಿಷಯದ ಇಡೀ ಚರಿತ್ರೆಯಲ್ಲಿ ನಮ್ಮ ಧಾರವಾಡದ ಹೆಸರಿದೆ, ನಿಮಗೆ ಹೆಮ್ಮೆ ಅನಿಸಬೇಕು. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ಅಕ್ಷರಸ್ಥ ದಿನಗೂಲಿ ನೌಕರರ ಸಂಘ ಸುಪ್ರೀಂ ಕೋರ್ಟಿಗೆ ಹೋಗಿ 1990ರಲ್ಲಿ ಗೆದ್ದಿತು. 1-7-1984ರ ಒಳಗೆ ಸೇರಿದ್ದ ದಿನಗೂಲಿಯವರಿಗೆ ಇಡೀ ರಾಜ್ಯದಲ್ಲಿ ದಾರಿ ಆಯಿತು. ಆಮೇಲೆ ಬಂದದ್ದು ಉಮಾದೇವಿ. ಮಂಜೂರಾದ ಹುದ್ದೆಯಲ್ಲಿ, ಕೋರ್ಟಿನ ಆದೇಶದ ಬಲವಿಲ್ಲದೆ ಹತ್ತು ವರ್ಷ ದುಡಿದವರಿಗೆ ಒಂದು ಸಲದ ಕ್ರಮವಾಗಿ ಖಾಯಂ ಮಾಡಬಹುದು ಎಂದು ಅದೇ ತೀರ್ಪು ಹೇಳಿತ್ತು. ಆ ಭಾಗ ಬಿಟ್ಟು, ಇಲ್ಲ ಎಂದ ಭಾಗವನ್ನಷ್ಟೇ ಕಚೇರಿಗಳು ನಕಲು ಮಾಡಿಕೊಂಡವು. 2024ರ ಡಿಸೆಂಬರ್‌ನಲ್ಲಿ ಜಗ್ಗೋ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿ ಆಡಿದೆ: ದಶಕಗಟ್ಟಲೆ ಖಾಯಂ ಸ್ವರೂಪದ ಕೆಲಸ ಮಾಡಿದವರನ್ನು ಹೊರಹಾಕಲು ಉಮಾದೇವಿಯನ್ನು ಬಳಸಬೇಡಿ. ಹಿಂಬಾಗಿಲಿನವನು ಯಾರು, ಬೆವರು ಸುರಿಸಿದವನು ಯಾರು ಎಂದು ಬೇರೆ ಮಾಡುವುದೇ ಈಗ ನಮ್ಮ ಕೆಲಸ. ಅದು ಕಡತದಲ್ಲಿ ಸಿಗುತ್ತದೆ, ಕಾನೂನು ಪುಸ್ತಕದಲ್ಲಿ ಅಲ್ಲ.

ಇನ್ನು ದಾರಿ. ಹೈಕೋರ್ಟಿನಲ್ಲಿ ಹೆಚ್ಚುವರಿ ಸರ್ಕಾರಿ ವಕೀಲರು ಮತ್ತು ಹೈಕೋರ್ಟ್ ಸರ್ಕಾರಿ ಪ್ಲೀಡರ್‌ಗಳಾದ ಎಚ್‌ಸಿಜಿಪಿಗಳು, ಜಿಲ್ಲೆಯಲ್ಲಿ ಜಿಲ್ಲಾ ಸರ್ಕಾರಿ ವಕೀಲರು ಇರುತ್ತಾರೆ. 1977ರ ಕಾನೂನು ಅಧಿಕಾರಿಗಳ ನಿಯಮದಡಿ ಸರ್ಕಾರ ನೇಮಕ ಮಾಡುತ್ತದೆ. ಪರೀಕ್ಷೆ ಇಲ್ಲ, ಖಾಯಂ ಅಲ್ಲ, ಸರ್ಕಾರ ಬದಲಾದರೆ ಪಟ್ಟಿಯೂ ಬದಲಾಗುತ್ತದೆ. ಹಾಗಾಗಿ ನಿಮ್ಮ ಸ್ವಂತ ಪ್ರಾಕ್ಟೀಸ್ ಗಟ್ಟಿ ಇರಲಿ. ಪರೀಕ್ಷೆ ಬರೆದು ಹೋಗುವ ಎಪಿಪಿ (ಸಹಾಯಕ ಸರ್ಕಾರಿ ಅಭಿಯೋಜಕ) ಹುದ್ದೆ ಕ್ರಿಮಿನಲ್ ಕೇಸುಗಳಿಗೆ, ಅದು ಬೇರೆ. ಎಲ್ಲ ಸರ್ಕಾರಿ ಸಂಸ್ಥೆಗೂ ನಾವೇ ವಕೀಲರು ಎಂದುಕೊಳ್ಳಬೇಡಿ. ಹುಬ್ಬಳ್ಳಿಯಲ್ಲೇ ಕೇಂದ್ರ ಕಚೇರಿ ಇರುವ ವಾಯವ್ಯ ಸಾರಿಗೆ ಸಂಸ್ಥೆಗೆ ತನ್ನದೇ ಪ್ಯಾನೆಲ್ ವಕೀಲರಿದ್ದಾರೆ. ಡ್ರೈವರ್, ಕಂಡಕ್ಟರ್‌ಗಳ ಶಿಸ್ತು ಕ್ರಮದ ಕೇಸುಗಳು ಅವರ ಪಾಲು. ರೈಲ್ವೆ ನೌಕರರದು ಕೇಂದ್ರ ಆಡಳಿತ ನ್ಯಾಯಮಂಡಳಿ. ರಾಜ್ಯ ಸರ್ಕಾರದ ಖಾಯಂ ನೌಕರರ ಬಡ್ತಿ, ವರ್ಗ, ಇಲಾಖಾ ವಿಚಾರಣೆ ಎಲ್ಲ ರಾಜ್ಯ ಆಡಳಿತ ನ್ಯಾಯಮಂಡಳಿಯಾದ ಕೆಎಸ್‌ಎಟಿಗೆ, ನಮ್ಮ ಕಡೆಯವರಿಗೆ ಬೆಳಗಾವಿ ಪೀಠ. ಅಲ್ಲಿ ಸೋತವರು ಧಾರವಾಡಕ್ಕೆ ಬರುತ್ತಾರೆ. 2008ರ ಜುಲೈಗೆ ಮುಂಚೆ ಇದಕ್ಕೆಲ್ಲ ರಾತ್ರಿ ಬಸ್ ಹತ್ತಿ ಬೆಂಗಳೂರಿಗೇ ಹೋಗಬೇಕಿತ್ತು. ಆ ತಿಂಗಳು ಧಾರವಾಡಕ್ಕೆ ಬಂದ ಹೈಕೋರ್ಟಿನ ಸಂಚಾರಿ ಪೀಠ 2013ರಲ್ಲಿ ಖಾಯಂ ಆಯಿತು. ಈ ಪೀಠಕ್ಕಾಗಿ ಹೋರಾಡಿದ ಹಿರಿಯರ ಋಣ ನಮ್ಮ ಮೇಲಿದೆ.

ಹೊಸ ಕಾನೂನು ಈಗಿಂದಲೇ ಓದಲು ಶುರು ಮಾಡಿ. 1947ರ ಕಾಯ್ದೆಯ ಜಾಗದಲ್ಲಿ 2020ರ ಕೈಗಾರಿಕಾ ಸಂಬಂಧ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಕಾರ್ಮಿಕ ನ್ಯಾಯಾಲಯದ ಬದಲು ನ್ಯಾಯಾಂಗ ಸದಸ್ಯರು ಮತ್ತು ಆಡಳಿತ ಸದಸ್ಯರು ಇಬ್ಬರೂ ಇರುವ ನ್ಯಾಯಮಂಡಳಿ ಅದರಲ್ಲಿದೆ. ಕೆಲಸ ಕಳೆದುಕೊಂಡವನಿಗೆ ಕೋರ್ಟಿಗೆ ಹೋಗಲು ಮೊದಲು ಮೂರು ವರ್ಷದ ಗಡುವಿತ್ತು. ಈಗ ಎರಡು ವರ್ಷ ದಾಟಿದರೆ ರಾಜಿ ಸಂಧಾನವೇ ಇಲ್ಲ. ಓದು ಬರಹ ಬಾರದವರಿಗೆ ಈ ಒಂದು ವರ್ಷದ ಕಡಿತ ದೊಡ್ಡ ಪೆಟ್ಟು ಎಂಬುದು ನನ್ನ ಅಭಿಪ್ರಾಯ.

ಇಂಗ್ಲಿಷ್ ಬಗ್ಗೆ ಹೆದರಿದ್ದೀರಿ. ಹೈಕೋರ್ಟಿಗೆ ಅದು ಬೇಕು, ರೂಢಿಯಿಂದ ಬರುತ್ತದೆ. ಆದರೆ ಇಲಾಖೆಯ ಟಿಪ್ಪಣಿ, ಹಾಜರಿ ಪಟ್ಟಿ, ಸಾಕ್ಷಿ ಹೇಳಿಕೆ ಎಲ್ಲ ಕನ್ನಡದಲ್ಲಿ. ಕೆಟ್ಟ ಕೈಬರಹದ ಕನ್ನಡ ಸರಾಗವಾಗಿ ಓದುವವರು ನಮ್ಮಲ್ಲಿ ಕಡಿಮೆ, ನಿಮಗೆ ಅದು ಬಂಡವಾಳ. ಮೊದಲ ಕೆಲವು ವರ್ಷ ಕಾರ್ಮಿಕರ ಪರ ಕೇಸು ನಡೆಸುವವರ ಹತ್ತಿರ ಕಲಿಯಿರಿ. ದಾಖಲೆ ಎಲ್ಲಿ ಮುಚ್ಚಿಡುತ್ತಾರೆ ಎಂದು ಅವರಿಗೆ ಗೊತ್ತು. ವಾರಕ್ಕೊಂದು ದಿನ ಹುಬ್ಬಳ್ಳಿಗೆ ಬಂದು, ಇಲಾಖೆಯ ಸಾಕ್ಷಿಗಳ ಪಾಟೀ ಸವಾಲು ನಡೆಯುವಾಗ ಹಿಂದಿನ ಬೆಂಚಿನಲ್ಲಿ ಕೂತು ಕೇಳಿ. ಗದಗಿನಿಂದ ಬೆಳಗ್ಗೆ ಬೇಗ ಹೊರಟರೆ ಕೋರ್ಟು ಶುರುವಾಗುವಷ್ಟರಲ್ಲಿ ಮುಟ್ಟುತ್ತೀರಿ.