ಹಳೇ ಮನೆ, ಹಳೇ ಬೀದಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಲ್ಲೇಶ್ವರದ ಅಡ್ಡರಸ್ತೆಯೊಂದರಲ್ಲಿ ನಮ್ಮ ಅಜ್ಜ ಕೊಂಡ ಹೆಂಚಿನ ಮನೆ ಇದೆ. ಅದಕ್ಕೂ ಮೊದಲು ಅಲ್ಲಿ ಯಾರಿದ್ದರು, ಆ ಬೀದಿಯಲ್ಲಿ ಯಾರ್ಯಾರ ಮನೆಗಳಿದ್ದವು ಎಂದು ಬರೆದಿಡುವ ಆಸೆ. ಆನ್‌ಲೈನಿನಲ್ಲಿ ಇಸಿ (ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳನ್ನು ತೋರಿಸುವ ಋಣಭಾರ ಪತ್ರ) ತೆಗೆಸಿದರೆ ಏನೂ ಇಲ್ಲ ಎಂದು ಬಂತು. ಮುಂದೇನು ಮಾಡಲಿ?
– ಓದುಗರು, ಮಲ್ಲೇಶ್ವರ

ಉತ್ತರ: ಆನ್‌ಲೈನಿನಲ್ಲಿ ಸಿಗುವುದು 2004ರಿಂದ ಈಚಿನದು. ಆಮೇಲೆ ನಿಮ್ಮ ಮನೆಯನ್ನು ಮಾರಿದ, ಅಡವಿಟ್ಟ ಪತ್ರ ನೋಂದಣಿಯಾಗಿಲ್ಲ ಎಂದಷ್ಟೇ ಅದರ ಅರ್ಥ. ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ಅರ್ಜಿ ಕೊಡಿ. ಅರ್ಜಿಯಲ್ಲಿ ಹೊಸ ನಂಬರಿನ ಜೊತೆ ಹಳೇ ನಂಬರನ್ನೂ ಬರೆಯಿರಿ. ಇಲ್ಲದಿದ್ದರೆ ಇದ್ದ ಪತ್ರವೂ ಕಣ್ಣಿಗೆ ಬೀಳುವುದಿಲ್ಲ.

ಕ್ರಯಪತ್ರ ಬರೆದೇ ಸಂಸಾರ ಸಾಗಿಸಿದವಳು ನಾನು. ಆ ಕೆಲಸ ಕಲಿಸಿದ್ದನ್ನು ಹೇಳುತ್ತೇನೆ. ಬೀದಿಯ ಚರಿತ್ರೆ ಬೇಕಾದರೆ ಮೊದಲು ಪತ್ರದ ಚಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿನ ಗಡಿಯ ವಿವರ, ಓದಿ. ಮನೆ ನಂಬರು ಬದಲಾಗುತ್ತದೆ, ರಸ್ತೆಯ ಹೆಸರೂ ಬದಲಾಗುತ್ತದೆ. ಆದರೆ ಪತ್ರದ ಕೊನೆಯಲ್ಲಿ, ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಖಾಲಿ ನಿವೇಶನ, ಉತ್ತರಕ್ಕೆ ಕನ್ಸರ್ವೆನ್ಸಿ ಓಣಿ (ಕಸ, ಮಲ ಸಾಗಿಸಲು ಮನೆಗಳ ಹಿಂದೆ ಬಿಟ್ಟ ಓಣಿ), ದಕ್ಷಿಣಕ್ಕೆ ರಸ್ತೆ ಎಂದು ಬರೆದಿರುತ್ತದಲ್ಲ, ಅದು ಆ ವರ್ಷ ಅಲ್ಲಿ ಇದ್ದದ್ದು. ನಿಮ್ಮ ಒಂದು ಪತ್ರದಿಂದ ಎರಡು ಮೂರು ನೆರೆಹೊರೆಯವರ ಹೆಸರು ಸಿಗುತ್ತವೆ. ಪಕ್ಕದ ಮನೆಯವರ ಪತ್ರದಿಂದ ಅವರಾಚೆಗಿನವರ ಹೆಸರು. ಹೀಗೆ ಒಂದಕ್ಕೊಂದು ಸೇರಿಸುತ್ತಾ ಹೋದರೆ ಬೀದಿಯ ಒಂದು ಬದಿ ಪೂರ್ತಿ ಕೂಡಿಕೊಳ್ಳುತ್ತದೆ. ಪತ್ರ ತೋರಿಸಲು ಜನ ಹಿಂಜರಿಯುತ್ತಾರೆ, ಅದು ಸಹಜ. ಹಣದ ಪುಟ ಬೇಡ, ಚಕ್ಕುಬಂದಿ ಇರುವ ಪುಟ ಸಾಕು ಎಂದು ಕೇಳಿ ನೋಡಿ.

ಯಾರೂ ತೋರಿಸದಿದ್ದರೂ ದಾರಿ ಇದೆ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ, ಸ್ಥಿರಾಸ್ತಿಯ ಪತ್ರಗಳನ್ನು ದಾಖಲಿಸುವ 1ನೇ ಪುಸ್ತಕವನ್ನೂ ಅದರ ಸೂಚಿಗಳನ್ನೂ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲೂ ಪಡೆಯಬಹುದು. ಸೂಚಿ ಎರಡು ಬಗೆ. ಒಂದು ಹೆಸರಿನ ಮೇಲೆ, ಇನ್ನೊಂದು ಆಸ್ತಿಯ ಮೇಲೆ. ಚಕ್ಕುಬಂದಿಯಲ್ಲಿ ಸಿಕ್ಕ ಹೆಸರನ್ನು ಹಿಡಿದು ಹೆಸರಿನ ಸೂಚಿಗೆ ಹೋಗಿ.

ನಡುವೆ ಕೊಂಡಿ ಕಳಚುವುದು ಸಾಮಾನ್ಯ. ಯಜಮಾನ ತೀರಿಕೊಂಡು ಮಕ್ಕಳಿಗೆ ಬಂದ ಮನೆ ಇಸಿಯಲ್ಲಿ ಕಾಣುವುದಿಲ್ಲ. ಬಾಯಿಮಾತಿನ ಪಾಲೂ ಕಾಣುವುದಿಲ್ಲ. ಅಂಥ ಕಡೆ ಪಾಲಿಕೆಯ ಖಾತೆ ನೋಡಿ, ಪೌತಿ ಖಾತೆ (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವುದು) ಆಗಿದ್ದರೆ ವಾರಸುದಾರರ ಹೆಸರು ಅಲ್ಲಿರುತ್ತದೆ.

ಇನ್ನೊಂದು ಮಾತು. ಕೊಂಡವರ ಹೆಸರಿನ ಜೊತೆ ಅವರ ಆಗಿನ ವಾಸಸ್ಥಳವೂ ಪತ್ರದಲ್ಲಿರುತ್ತದೆ. ಅದನ್ನು ತಪ್ಪದೆ ಬರೆದುಕೊಳ್ಳಿ. ಮಲ್ಲೇಶ್ವರದ ಯೋಜನೆ ಪ್ಲೇಗಿಗೆ ಮೊದಲೇ ಶುರುವಾಗಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಮೇಲೆ, ಇಕ್ಕಟ್ಟಾದ ಪೇಟೆ ಬಿಟ್ಟು ಜನ ಮಲ್ಲೇಶ್ವರ, ಬಸವನಗುಡಿಗಳ ಕಡೆ ಬಂದರು. ನಿಮ್ಮ ಬೀದಿಯ ಮೊದಮೊದಲ ಪತ್ರಗಳಲ್ಲಿ ಬಳೇಪೇಟೆ ವಾಸಿ, ಚಿಕ್ಕಪೇಟೆ ವಾಸಿ ಎಂದಿದ್ದರೆ ಆ ದೊಡ್ಡ ಕಥೆಗೂ ನಿಮ್ಮ ಬೀದಿಗೂ ನಂಟು ಸಿಕ್ಕಿತು.

ಮನೆ ಕಟ್ಟಿದ ವರ್ಷಕ್ಕೆ, ಪತ್ರದಲ್ಲಿ 'ಖಾಲಿ ನಿವೇಶನ' ಹೋಗಿ 'ಹೆಂಚಿನ ಮನೆ' ಎಂದು ಯಾವಾಗ ಬಂತು ನೋಡಿ. ಹೆಂಚಿನ ಮೇಲೆ ಕಾರ್ಖಾನೆಯ ಮುದ್ರೆ ಇರುತ್ತದೆ, ನಿಜ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಮಂಗಳೂರಿನಲ್ಲಿ 1865ರಲ್ಲೇ ಹೆಂಚು ಮಾಡಲು ಶುರುಮಾಡಿತ್ತು. ಆದರೆ ಹೆಂಚನ್ನು ಆಗಾಗ ಬದಲಿಸುತ್ತಾರೆ, ಅದೊಂದನ್ನೇ ನಂಬಬೇಡಿ.

ಪ್ರಶ್ನೆ: ನಾನು ಹುಟ್ಟಿದ್ದು ಬಸವನಗುಡಿಯ ವಠಾರದಲ್ಲಿ. ಈಗ ಅಲ್ಲಿ ಅಪಾರ್ಟ್‌ಮೆಂಟ್ ಬಂದಿದೆ. ಅಲ್ಲಿದ್ದ ಬಾಡಿಗೆಯವರನ್ನು ಹುಡುಕುವುದು ಹೇಗೆ? ಜನಗಣತಿಯಲ್ಲಿ ಸಿಗುತ್ತಾರಾ?
– ಓದುಗರು, ಶಿವಮೊಗ್ಗ

ಉತ್ತರ: ಈ ಪ್ರಶ್ನೆ ಕೇಳಿದ್ದು ನನಗೆ ತುಂಬಾ ಸಂತೋಷ. ಕ್ರಯಪತ್ರದಲ್ಲಿ ಇರುವವರು ಮಾಲೀಕರು. ವಠಾರದಲ್ಲಿ ಬಾಳಿ, ಮಕ್ಕಳನ್ನು ಓದಿಸಿ, ಮದುವೆ ಮಾಡಿ ಹೋದವರ ಹೆಸರು ಅದರಲ್ಲಿ ಬರುವುದು ಅಪರೂಪ. ಅವರನ್ನೂ ಬರೆಯದೆ ಬೀದಿಯ ಚರಿತ್ರೆ ಬರೆದರೆ ಅದು ಅರ್ಧವೂ ಆಗುವುದಿಲ್ಲ.

ಜನಗಣತಿಯಿಂದ ಉಪಯೋಗವಿಲ್ಲ. 1948ರ ಕಾಯ್ದೆಯಂತೆ ಮನೆಮನೆಯ ವಿವರ ಗುಟ್ಟಾಗಿಯೇ ಇರುತ್ತದೆ. ಹಳೇ ಮತದಾರರ ಪಟ್ಟಿ ಹುಡುಕಿ. ಮನೆ ನಂಬರು, ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು ಎಲ್ಲಾ ಅದರಲ್ಲಿರುತ್ತದೆ. ಮನೆಯ ಹೆಂಗಸರ ಹೆಸರೂ ಇರುತ್ತದೆ, ಬೇರೆ ಕಾಗದಗಳಲ್ಲಿ ಅದೇ ಕಷ್ಟ. ಆಮೇಲೆ ಟ್ರಂಕು ತೆಗೆಸಿ. ಲಗ್ನಪತ್ರಿಕೆ, ಪೋಸ್ಟ್‌ಕಾರ್ಡು, ರೇಷನ್ ಕಾರ್ಡು, ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ನವೀಕರಿಸುತ್ತಿದ್ದ ರೇಡಿಯೊ ಲೈಸೆನ್ಸ್ ಪುಸ್ತಕ, ಎಲ್ಲದರಲ್ಲೂ ವಿಳಾಸ ಇರುತ್ತದೆ. ಸುಮ್ನೆ 'ಯಾರಿದ್ದರು' ಎಂದು ಕೇಳಿದರೆ ಹಿರಿಯರಿಗೆ ನೆನಪಾಗುವುದಿಲ್ಲ. ಕಾಗದದ ಮೇಲೆ ನಲ್ಲಿ, ಬಾವಿ, ಮೆಟ್ಟಿಲು ಬರೆದು ಮುಂದಿಡಿ. ನಲ್ಲಿಯ ಪಕ್ಕದ ಮನೆ ಯಾರದು ಎಂದು ಕೇಳಿ. ಹೆಸರುಗಳು ತಾವಾಗಿಯೇ ಬರುತ್ತವೆ.

ಪ್ರಶ್ನೆ: ಹುಡುಕುವಾಗ ಎದುರು ಮನೆಯ ಅಣ್ಣತಮ್ಮಂದಿರ ಹಳೇ ಮೊಕದ್ದಮೆ ಸಿಕ್ಕಿತು. ಬರೆಯಬಹುದಾ?
– ಓದುಗರು, ಮೈಸೂರು

ಉತ್ತರ: ಆ ಮನೆಯವರು ಈಗಲೂ ಅಲ್ಲೇ ಇದ್ದಾರೆ ಅಲ್ವಾ? ಹಾಗಿದ್ದರೆ ಮೊದಲು ಅವರಿಗೆ ತೋರಿಸಿ. ಬೇಡ ಎಂದರೆ ಬಿಟ್ಟುಬಿಡಿ. ಯಾವ ವರ್ಷದಿಂದ ಯಾವ ವರ್ಷದವರೆಗೆ ಆ ಮನೆಯಲ್ಲಿ ಯಾರಿದ್ದರು ಎಂಬುದಕ್ಕೆ ಜಗಳದ ವಿವರ ಬೇಕಾಗುವುದಿಲ್ಲ.